ಜಾಹೀರಾತಿನ ಆದಾಯ ಮತ್ತು ಊರಂಗಡಿಯ ಋಣ

ಕೊಳ್ಳುವುದು ಒಂದು ನೈತಿಕ ಕ್ರಿಯೆಯೇ? ಹಣವುಳ್ಳವನು ತನಗೆ ಬೇಕಾದ ವಸ್ತುವನ್ನು ತನಗೆ ಸರಿತೋರಿದ ಕಡೆ ಕೊಳ್ಳುತ್ತಾನೆ. ಮಾರುವವನು ಲಾಭ ಕಂಡರೆ ಮಾರುತ್ತಾನೆ. ಇದರಲ್ಲಿ ಧರ್ಮಾಧರ್ಮದ ಮಾತು ಎಲ್ಲಿಂದ ಬಂತು ಎಂದು ಕೇಳುವವರುಂಟು. ತೂಕದಲ್ಲಿ ಮೋಸವಿಲ್ಲದಿದ್ದರೆ, ಮಾಲು ಕಳವಿನದಲ್ಲದಿದ್ದರೆ, ತೆರಿಗೆ ಸಂದಿದ್ದರೆ, ವ್ಯವಹಾರ ಶುದ್ಧವಾಯಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಈ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದ ವ್ಯವಹಾರವೂ ಮನಸ್ಸಿನಲ್ಲಿ ಒಂದು ಅಸಮಾಧಾನವನ್ನು ಉಳಿಸುವ ಪ್ರಸಂಗಗಳುಂಟು. ಅಂತಹ ಒಂದು ಪ್ರಸಂಗವನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ವಿಷಯ ನೋಟಕ್ಕೆ ಸಣ್ಣದು: ಸೈಕಲ್ಲು, ಅದನ್ನು ಮಾರಿ ರಿಪೇರಿ ಮಾಡುವ ಊರಿನ ಅಂಗಡಿ, ಮತ್ತು ಅದೇ ಸರಕನ್ನು ಕಡಮೆ ಬೆಲೆಗೆ ಮನೆಗೇ ಕಳುಹಿಸಿಕೊಡುವ ಅಂತರ್ಜಾಲದ ಮಳಿಗೆ. ಆದರೆ ಇದರೊಳಗಿರುವ ಪ್ರಶ್ನೆ ಸಣ್ಣದಲ್ಲ.

ಪ್ರಶ್ನೆಯ ಸ್ವರೂಪ

ಒಬ್ಬ ಗೃಹಸ್ಥರು ಸೈಕಲ್ ಕೊಳ್ಳಬೇಕೆಂದು ಊರಿನ ಅಂಗಡಿಗೆ ಹೋಗುತ್ತಾರೆಂದು ಭಾವಿಸೋಣ. ಅಂಗಡಿಯವರು ಅವರ ಎತ್ತರವನ್ನು ನೋಡಿ, ಎರಡು ಮೂರು ಅಳತೆಯ ಸೈಕಲ್ಲುಗಳನ್ನು ಇಳಿಸಿ, ಬೀದಿಯಲ್ಲಿ ಒಂದು ಸುತ್ತು ತುಳಿದು ನೋಡಲು ಕೊಡುತ್ತಾರೆ. ಯಾವ ಅಳತೆ ಹೊಂದುತ್ತದೆ, ಯಾವ ಟೈರು ನಮ್ಮ ರಸ್ತೆಗೆ ಬಾಳುತ್ತದೆ, ಯಾವ ಗೇರು ಅನಾವಶ್ಯಕ ಎಂಬುದನ್ನು ಅರ್ಧ ಗಂಟೆ ವಿವರಿಸುತ್ತಾರೆ. ಗೃಹಸ್ಥರು ನಮಸ್ಕಾರ ಹೇಳಿ ಮನೆಗೆ ಬಂದು, ಅದೇ ಸೈಕಲ್ಲನ್ನು ದೂರದ ಮಳಿಗೆಯಿಂದ ಕಡಮೆ ಬೆಲೆಗೆ ತರಿಸಿಕೊಳ್ಳುತ್ತಾರೆ. ಕಾನೂನು ಇದರಲ್ಲಿ ಯಾವ ತಪ್ಪನ್ನೂ ಕಾಣದು. ನೀತಿಯೂ ಕಾಣದೇ?

ಇದು ಮೊದಲನೆಯ ಪ್ರಶ್ನೆ. ಎರಡನೆಯದು ಇನ್ನೂ ಕಠಿನವಾದುದು. ಸೈಕಲ್ ಪ್ರಿಯರ ಸಂಘವೊಂದು ತನ್ನ ಸದಸ್ಯರಿಗಾಗಿ ಒಂದು ಜಾಲತಾಣವನ್ನೋ ಪತ್ರಿಕೆಯನ್ನೋ ನಡೆಸುತ್ತದೆ. ಅದರ ಖರ್ಚು ನಡೆಯಬೇಕು. ಊರಿನ ಅಂಗಡಿಯವರು ಜಾಹೀರಾತು ಕೊಡುವಷ್ಟು ಶಕ್ತರಲ್ಲ. ದೂರದ ಮಳಿಗೆಗಳು ಧಾರಾಳವಾಗಿ ಕೊಡುತ್ತವೆ. ಹೀಗೆ ಊರಿನ ಅಂಗಡಿಗಳನ್ನು ಉಳಿಸಿಕೊಳ್ಳಿ ಎಂದು ಒಂದು ಪುಟದಲ್ಲಿ ಬೋಧಿಸುವ ಸಂಘ, ಪಕ್ಕದ ಪುಟದಲ್ಲಿ ಆ ಅಂಗಡಿಗಳ ಗಿರಾಕಿಯನ್ನು ಸೆಳೆಯುವ ಪ್ರಕಟಣೆಯಿಂದ ಜೀವಿಸುತ್ತದೆ. ಇದು ಕಪಟವೇ, ಅನಿವಾರ್ಯತೆಯೇ, ಅಥವಾ ನಿರ್ದೋಷವಾದ ವ್ಯವಹಾರವೇ? ಸ್ಮರಣ ಸಂಚಿಕೆಗಳನ್ನೂ ಸಮಾಜದ ವಿಳಾಸ ಪುಸ್ತಿಕೆಗಳನ್ನೂ ಜಾಹೀರಾತಿನ ಬಲದಿಂದ ಹೊರತರುವ ಧರ್ಮಸಂಸ್ಥೆಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಅಂಗಡಿ ಕೊಡುವುದೇನು?

ಉತ್ತರವನ್ನು ಅರಸುವ ಮೊದಲು, ಸೈಕಲ್ ಅಂಗಡಿ ನಿಜವಾಗಿ ಕೊಡುವುದೇನು ಎಂಬುದನ್ನು ತಿಳಿಯಬೇಕು. ಕಾರ್ಖಾನೆಯಿಂದ ಸೈಕಲ್ಲು ಪೂರ್ತಿ ಜೋಡಿಸಿದ ಸ್ಥಿತಿಯಲ್ಲಿ ಬರುವುದಿಲ್ಲ. ಪೆಟ್ಟಿಗೆಯೊಳಗೆ ಅರೆಬರೆ ಜೋಡಣೆಯಾಗಿ ಬರುತ್ತದೆ. ಚಕ್ರದ ಬೆಂಡು ತೆಗೆಯಬೇಕು; ಗುಂಡುಗಳಿರುವ ಕಡೆ ಬಿಗಿಯನ್ನೂ ಸಡಿಲವನ್ನೂ ಸರಿದೂಗಿಸಬೇಕು; ಬ್ರೇಕು ಹಿಡಿಯುವಂತೆ ಮಾಡಬೇಕು; ಸೀಟಿನ ಎತ್ತರವನ್ನು ಸವಾರನ ಕಾಲಿಗೆ ಹೊಂದಿಸಬೇಕು. ಎಡಗಡೆಯ ಪೆಡಲಿನ ಮರೆ ಉಲ್ಟಾ ದಿಕ್ಕಿಗೆ ಇರುತ್ತದೆ ಎಂಬುದು ಅನೇಕರಿಗೆ ತಿಳಿಯದು. ತುಳಿಯುತ್ತ ತುಳಿಯುತ್ತ ಪೆಡಲು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ತಿಳಿಯದವರು ಮನೆಯಲ್ಲಿ ಅದನ್ನು ಬಲವಂತವಾಗಿ ಬಲಕ್ಕೆ ತಿರುಗಿಸಿ ಕ್ರ್ಯಾಂಕಿನ ಮರೆಯನ್ನೇ ಕೆಡಿಸುವುದುಂಟು.

ಟೈರಿನ ವಿಷಯವನ್ನು ನೋಡಿ. ಇಪ್ಪತ್ತಾರು ಅಂಗುಲದ ಟೈರು ಎಂದು ಕೇಳಿದರೆ ಯಾವುದನ್ನು ಕೊಡಬೇಕು? 26 x 1 3/8 ಎಂದು ಬರೆದಿರುವ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರು. 26 x 1.95 ಎಂದು ಬರೆದಿರುವ ಗುಡ್ಡಗಾಡಿನ ಸೈಕಲ್ಲಿನ ಟೈರಿಗೆ ಬೇಕಾದದ್ದು 559 ಮಿಲಿಮೀಟರು. ಹೆಸರು ಒಂದೇ, ವ್ಯತ್ಯಾಸ 31 ಮಿಲಿಮೀಟರು. ಒಂದು ಮತ್ತೊಂದಕ್ಕೆ ಏನು ಮಾಡಿದರೂ ಹೊಂದದು. ನಮ್ಮ ಹಾಲಿನವರೂ ರೈತರೂ ಬಳಸುತ್ತ ಬಂದ ದೊಡ್ಡ ಸೈಕಲ್ಲಿನ 28 x 1 1/2 ಟೈರಿನದು 635 ಮಿಲಿಮೀಟರು. ಅದೇ ಇಪ್ಪತ್ತೆಂಟು ಎಂಬ ಹೆಸರಿನಲ್ಲಿ ಯೂರೋಪಿನಲ್ಲಿ ಮಾರುವ ಹಲವು ಟೈರುಗಳದು 622. ಚೈನಿನದೂ ಹೀಗೆಯೇ. ಹೊಸ ಚೈನಿನ ಇಪ್ಪತ್ತನಾಲ್ಕು ಕೊಂಡಿಗಳು ಸರಿಯಾಗಿ ಹನ್ನೆರಡು ಅಂಗುಲ. ಸವೆದು ಅದರ ಮೇಲೆ ಅಂಗುಲದ ಹದಿನಾರನೆಯ ಒಂದು ಭಾಗ ಬೆಳೆದರೆ ಚೈನನ್ನು ಬದಲಿಸಬೇಕು. ಎಂಟನೆಯ ಒಂದು ಭಾಗ ಬೆಳೆಯುವವರೆಗೆ ಕಾದರೆ ಫ್ರೀವೀಲಿನ ಹಲ್ಲುಗಳೂ ಹಾಳಾಗಿ ಖರ್ಚು ಹೆಚ್ಚುತ್ತದೆ. ಅನುಭವವುಳ್ಳ ಅಂಗಡಿಯವರು ಇದನ್ನು ಒಂದು ನೋಟದಲ್ಲಿ ಹೇಳಬಲ್ಲರು.

ಈ ತಿಳಿವಳಿಕೆಗೆ ಅಂಗಡಿಯಲ್ಲಿ ಪ್ರತ್ಯೇಕವಾದ ಬೆಲೆಪಟ್ಟಿಯಿಲ್ಲ. ಸಲಹೆ ಉಚಿತ, ಸವಾರಿ ಮಾಡಿ ನೋಡುವುದು ಉಚಿತ, ಪಂಪು ತೆಗೆದುಕೊಂಡು ಗಾಳಿ ಹಾಕಿಕೊಳ್ಳುವುದು ಬಹುಮಟ್ಟಿಗೆ ಉಚಿತ. ಆದರೆ ಉಚಿತವೆಂಬುದು ಖರ್ಚಿಲ್ಲದ್ದು ಎಂದಲ್ಲ. ಬಾಡಿಗೆ, ದೀಪ, ಕೆಲಸದ ಹುಡುಗನ ಸಂಬಳ, ಸರಕಿನಲ್ಲಿ ಸಿಕ್ಕಿಕೊಂಡ ಬಂಡವಾಳ, ಇವೆಲ್ಲವೂ ಟೈರು, ಟ್ಯೂಬು, ಹೊಸ ಸೈಕಲ್ಲುಗಳ ಮೇಲಿನ ಲಾಭಾಂಶದಿಂದಲೇ ಹುಟ್ಟಬೇಕು. ಸಲಹೆಯ ಬೆಲೆ ಸರಕಿನ ಬೆಲೆಯೊಳಗೆ ಅಡಗಿದೆ. ದೂರದ ಮಳಿಗೆ ಸಲಹೆಯ ಭಾರವನ್ನು ಹೊರದೆ ಸರಕನ್ನು ಮಾತ್ರ ಮಾರುವುದರಿಂದ ಅದರ ಬೆಲೆ ಕಡಮೆಯಾಗಲು ಇದೂ ಒಂದು ಕಾರಣ.

ದೂರದ ಮಳಿಗೆಗಳ ಕಥೆ

ಎಲ್ಲಾ ಅಗ್ಗಕ್ಕೂ ಇದೊಂದೇ ಕಾರಣವೆನ್ನುವುದು ಅನ್ಯಾಯವಾದೀತು. ಸರಕನ್ನು ಒಟ್ಟಾಗಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು, ದುಬಾರಿ ಬೀದಿಯಲ್ಲಿ ಮಳಿಗೆಯಿಡದಿರುವುದು, ಇವು ನಿಜವಾದ ಜಾಣತನಗಳು. ಅಂಚೆಯ ಮೂಲಕ ಸೈಕಲ್ ಮಾರುವುದು ಅಂತರ್ಜಾಲದಿಂದ ಹುಟ್ಟಿದ್ದೂ ಅಲ್ಲ; ಅಮೆರಿಕದ ಸಿಯರ್ಸ್ ಸಂಸ್ಥೆ 1890ರ ದಶಕದಲ್ಲಿಯೇ ತನ್ನ ಸರಕಿನ ಪಟ್ಟಿಯ ಮೂಲಕ ಸೈಕಲ್ಲುಗಳನ್ನು ಮಾರುತ್ತಿತ್ತು. ಆದರೆ ಅಗ್ಗದ ಕೆಲವು ಭಾಗ ಜಾಣತನದಿಂದ ಬಂದದ್ದಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಒಂದು ರಾಜ್ಯದಲ್ಲಿ ಸ್ವಂತ ಮಳಿಗೆಯೋ ಉಗ್ರಾಣವೋ ಇಲ್ಲದ ಮಾರಾಟಗಾರನಿಂದ ಆ ರಾಜ್ಯ ಮಾರಾಟ ತೆರಿಗೆಯನ್ನು ವಸೂಲು ಮಾಡಿಸುವಂತಿರಲಿಲ್ಲ. ಬೀದಿಯ ಅಂಗಡಿಯವರು ತೆರಿಗೆ ಕಟ್ಟಿ ಮಾರಬೇಕು, ದೂರದವರು ತೆರಿಗೆಯಿಲ್ಲದೆ ಮಾರಬಹುದು ಎಂಬ ಈ ಸ್ಥಿತಿ ಇಪ್ಪತ್ತಾರು ವರ್ಷ ನಡೆದು, 2018ರ ಜೂನ್‌ನಲ್ಲಿ ಅದೇ ನ್ಯಾಯಾಲಯ ತನ್ನ ಹಿಂದಿನ ತೀರ್ಪನ್ನು ರದ್ದುಗೊಳಿಸಿತು. ಅಷ್ಟು ಕಾಲ ಗಿರಾಕಿಗಳು ಉಳಿತಾಯವೆಂದು ಭಾವಿಸಿದ್ದರಲ್ಲಿ ಒಂದಂಶ ಅವರ ಊರಿನ ಶಾಲೆಗೂ ರಸ್ತೆಗೂ ಸೇರಬೇಕಾಗಿದ್ದ ಹಣವಾಗಿತ್ತು. ನಮ್ಮ ದೇಶದಲ್ಲಿ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಸೈಕಲ್ಲಿನ ತೆರಿಗೆಯ ದರ ಎಲ್ಲಿ ಕೊಂಡರೂ ಒಂದೇ. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 12ರಿಂದ 5ಕ್ಕೆ ಇಳಿದದ್ದೂ ಇಬ್ಬರಿಗೂ ಸಮಾನವಾಗಿ ಅನ್ವಯಿಸಿತು.

ಬ್ರಿಟನ್ನಿನ ಉದಾಹರಣೆ ಇನ್ನಷ್ಟು ಬೋಧಪ್ರದವಾಗಿದೆ. ಉತ್ತರ ಐರ್ಲೆಂಡಿನ ಬ್ಯಾಲಿನ್ಯೂರ್ ಎಂಬ ಹಳ್ಳಿಯಲ್ಲಿ ವಾಟ್ಸನ್ ದಂಪತಿಗಳು 1984ರಲ್ಲಿ ಒಂದು ಸಣ್ಣ ಸೈಕಲ್ ಅಂಗಡಿಯನ್ನು ತೆರೆದರು. ಅದೇ ಮುಂದೆ ಚೈನ್ ರಿಯಾಕ್ಷನ್ ಸೈಕಲ್ಸ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಬಿಡಿಭಾಗಗಳನ್ನು ಕಳುಹಿಸುವ ಅತಿ ದೊಡ್ಡ ಸಂಸ್ಥೆಗಳಲ್ಲಿ ಒಂದಾಯಿತು. ಪೋರ್ಟ್ಸ್‌ಮತ್ ನಗರದ ಬಟ್ಲರ್ ಸೈಕಲ್ಸ್ ಎಂಬ ಅಂಗಡಿಯಿಂದ 1999ರಲ್ಲಿ ವಿಗ್ಗಲ್ ಎಂಬ ಇನ್ನೊಂದು ಅಂತರ್ಜಾಲ ಮಳಿಗೆ ಹುಟ್ಟಿತು. ಅಂದರೆ ಊರಂಗಡಿಗಳಿಗೆ ಕಂಟಕವೆಂದು ಹೆಸರಾದ ಎರಡೂ ಸಂಸ್ಥೆಗಳು ಊರಂಗಡಿಗಳಾಗಿಯೇ ಹುಟ್ಟಿದವು. 2016ರಲ್ಲಿ ಅವೆರಡೂ ಒಂದಾದವು. 2021ರಲ್ಲಿ ಸಿಗ್ನಾ ಸ್ಪೋರ್ಟ್ಸ್ ಯುನೈಟೆಡ್ ಎಂಬ ಜರ್ಮನ್ ಕಂಪನಿ ಅವನ್ನು ಕೊಂಡಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಸೈಕಲ್ಲುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದು, ಆಮೇಲೆ ಬೇಡಿಕೆ ಕುಸಿದು, ಉಗ್ರಾಣಗಳಲ್ಲಿ ಸರಕು ರಾಶಿ ಬಿತ್ತು. 2023ರ ಅಕ್ಟೋಬರ್‌ನಲ್ಲಿ ಮಾತೃಸಂಸ್ಥೆ ದಿವಾಳಿಯ ದಾರಿ ಹಿಡಿದಾಗ ಈ ಮಳಿಗೆಗಳೂ ನ್ಯಾಯಾಲಯದ ಮೂಲಕ ನೇಮಕಗೊಂಡ ಆಡಳಿತಗಾರರ ವಶಕ್ಕೆ ಹೋದವು. 2024ರಲ್ಲಿ ಫ್ರೇಜರ್ಸ್ ಗ್ರೂಪ್ ಅವುಗಳ ಹೆಸರುಗಳನ್ನು ಕೊಂಡಿತು. ಕೆಲಸಗಾರರಲ್ಲಿ ಬಹುಮಂದಿ ಕೆಲಸ ಕಳೆದುಕೊಂಡರು.

ಇದನ್ನು ಕಂಡು ಊರಂಗಡಿಯ ಪಕ್ಷದವರು ಹಿಗ್ಗಬೇಕಾಗಿಲ್ಲ. ಕೆಲಸ ಕಳೆದುಕೊಂಡವರೂ ನಮ್ಮಂತೆಯೇ ಮನೆಮಠ ಉಳ್ಳವರು. ಆದರೆ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ. ಅಗ್ಗದ ಬೆಲೆ ಶಾಶ್ವತವಾದ ವಾಗ್ದಾನವಲ್ಲ. ದೂರದ ಮಳಿಗೆ ಮುಚ್ಚಿದ ದಿನ, ಅದರ ಅಗ್ಗದಿಂದಾಗಿ ಮೊದಲೇ ಮುಚ್ಚಿಹೋದ ಊರಂಗಡಿ ತಾನಾಗಿ ಮತ್ತೆ ತೆರೆಯುವುದಿಲ್ಲ. ಬೆಂಡು ತೆಗೆಯುವ ಕೈಗಳು ಅಷ್ಟರಲ್ಲಿ ಬೇರೆ ಕಸುಬನ್ನು ಹಿಡಿದಿರುತ್ತವೆ.

ಪಡೆದದ್ದು ಮತ್ತು ಕೊಟ್ಟದ್ದು

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಗಿರಾಕಿಯ ಪಕ್ಷದ ವಾದವನ್ನು ಅದರ ಪೂರ್ಣ ಬಲದೊಡನೆ ಕೇಳಬೇಕು. ಅಂಗಡಿಯ ಬಾಗಿಲು ತೆರೆದಿರುವುದೇ ಆಹ್ವಾನ; ಬಂದವರೆಲ್ಲರೂ ಕೊಳ್ಳುವುದಿಲ್ಲವೆಂಬುದು ವ್ಯಾಪಾರಕ್ಕೆ ಕುಳಿತವರಿಗೆ ಗೊತ್ತಿರುವ ಸಂಗತಿ; ಜವಳಿ ಅಂಗಡಿಯಲ್ಲಿ ನೂರು ಸೀರೆ ಹರಡಿಸಿ ಒಂದನ್ನೂ ಕೊಳ್ಳದೆ ಏಳುವುದು ಪಾಪವೆಂದು ಯಾರೂ ಹೇಳುವುದಿಲ್ಲ. ವ್ಯಾಪಾರಿ ನಮ್ಮ ಮೇಲಿನ ಕರುಣೆಯಿಂದಲ್ಲ, ತನ್ನ ಹಿತಕ್ಕಾಗಿ ಮಾರುತ್ತಾನೆ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಹಾಗಿರುವಾಗ ಗಿರಾಕಿಯೊಬ್ಬನಿಂದ ಮಾತ್ರ ಕರುಣೆಯನ್ನು ಏಕೆ ನಿರೀಕ್ಷಿಸಬೇಕು?

ಈ ವಾದದಲ್ಲಿ ಸತ್ಯಾಂಶವಿದೆ. ನೋಡಿ ಕೊಳ್ಳದಿರುವುದು ದೋಷವಲ್ಲ. ಆದರೆ ಇಲ್ಲಿ ಎರಡು ಬಗೆಯ ಗಿರಾಕಿಗಳನ್ನು ಬೇರೆ ಮಾಡಬೇಕು. ಕೊಳ್ಳಬೇಕೋ ಬೇಡವೋ, ಇಲ್ಲಿಯೋ ಬೇರೆಡೆಯೋ ಎಂದು ನಿಶ್ಚಯಿಸದೆ ಬಂದವನು ಒಬ್ಬ. ಇಲ್ಲಿ ಕೊಳ್ಳುವುದಿಲ್ಲವೆಂದು ಮನೆಯಲ್ಲಿಯೇ ನಿಶ್ಚಯಿಸಿ, ಅಳತೆಯನ್ನೂ ಸಲಹೆಯನ್ನೂ ಮಾತ್ರ ಪಡೆಯಲು ಬಂದವನು ಇನ್ನೊಬ್ಬ. ಮೊದಲನೆಯವನಿಗೆ ಅಂಗಡಿಯವರು ಕೊಟ್ಟ ಸಮಯ ಒಂದು ಸಾಧ್ಯತೆಯ ಮೇಲೆ ಹೂಡಿದ ಬಂಡವಾಳ. ಆ ಸಾಧ್ಯತೆ ನಿಜವಾಗಿಯೂ ಇತ್ತು. ಎರಡನೆಯವನ ವಿಷಯದಲ್ಲಿ ಆ ಸಾಧ್ಯತೆಯೇ ಇರಲಿಲ್ಲ. ಇದೆಯೆಂದು ಅಂಗಡಿಯವರು ನಂಬುವಂತೆ ಅವನು ನಡೆದುಕೊಂಡ. ಬಾಯಲ್ಲಿ ಸುಳ್ಳು ಹೇಳದಿದ್ದರೂ ನಡತೆಯಲ್ಲಿ ಹೇಳಿದ.

ಕೊಡದಿರುವುದನ್ನು ತೆಗೆದುಕೊಳ್ಳಬಾರದು ಎಂಬ ಅಚೌರ್ಯದ ನಿಯಮ ನಮ್ಮ ಓದುಗರಿಗೆ ಪರಿಚಿತವಾದುದು. ಇಲ್ಲಿ ಸಲಹೆಯನ್ನು ಅಂಗಡಿಯವರೇ ಕೊಟ್ಟರಲ್ಲ, ಕಳವು ಹೇಗಾದೀತು ಎಂದು ಕೇಳಬಹುದು. ಕಳವು ಎಂಬ ಕಠಿನವಾದ ಮಾತನ್ನು ಈ ಲೇಖಕನೂ ಬಳಸಲಾರ. ಆದರೆ ಕೊಡುವುದು ಎಂಬುದು ಒಂದು ತಿಳಿವಳಿಕೆಯ ಮೇಲೆ ನಿಂತಿರುತ್ತದೆ. ನಿಜಸ್ಥಿತಿ ತಿಳಿದಿದ್ದರೆ ಕೊಡುತ್ತಿರಲಿಲ್ಲವೆಂಬುದನ್ನು, ನಿಜಸ್ಥಿತಿಯನ್ನು ಮರೆಸಿ ಪಡೆದರೆ, ಅದು ಪೂರ್ತಿಯಾಗಿ ಕೊಟ್ಟದ್ದೆಂದು ಹೇಗೆ ಹೇಳುವುದು? ಪರೀಕ್ಷೆ ಸುಲಭವಾಗಿದೆ: ನಾನು ಇಲ್ಲಿ ಕೊಳ್ಳುವುದಿಲ್ಲ, ಆದರೂ ದಯವಿಟ್ಟು ಅಳತೆ ನೋಡಿ ಹೇಳುವಿರಾ ಎಂದು ಬಾಯಿಬಿಟ್ಟು ಕೇಳಲು ನಮಗೆ ಸಾಧ್ಯವೇ? ಕೇಳಿ, ಅವರು ಒಪ್ಪಿ ಹೇಳಿದರೆ, ಅದು ದಾನ, ಸ್ವೀಕರಿಸುವುದರಲ್ಲಿ ದೋಷವಿಲ್ಲ. ಕೇಳಲು ನಾಚಿಕೆಯಾದರೆ, ಆ ನಾಚಿಕೆಯೇ ಉತ್ತರ.

ಅರ್ಥಶಾಸ್ತ್ರಜ್ಞರಿಗೂ ಈ ತೊಡಕು ಹೊಸದಲ್ಲ. ಲೆಸ್ಟರ್ ಟೆಲ್ಸರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1960ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಒಬ್ಬ ವ್ಯಾಪಾರಿ ಖರ್ಚು ಮಾಡಿ ಗಿರಾಕಿಗೆ ವಸ್ತುವನ್ನು ವಿವರಿಸುವುದು, ಆ ಖರ್ಚು ಮಾಡದ ಮತ್ತೊಬ್ಬ ಕಡಮೆ ಬೆಲೆಗೆ ಮಾರಿ ಗಿರಾಕಿಯನ್ನು ಒಯ್ಯುವುದು, ಕೊನೆಗೆ ಯಾರೂ ವಿವರಿಸದ ಸ್ಥಿತಿ ಬರುವುದು, ಇದನ್ನು ಸ್ಪಷ್ಟವಾಗಿ ವಿವೇಚಿಸಿದ್ದಾನೆ. ಇನ್ನೂ ಹಿಂದೆ, 1740ರ ಹೊತ್ತಿಗೇ, ಡೇವಿಡ್ ಹ್ಯೂಮ್ ಎಂಬ ದಾರ್ಶನಿಕ, ಇಬ್ಬರು ನೆರೆಯವರು ಸೇರಿ ಒಂದು ಹುಲ್ಲುಗಾವಲಿನ ನೀರನ್ನು ಬಸಿಯಬಲ್ಲರು, ಸಾವಿರ ಮಂದಿ ಸೇರಿ ಬಸಿಯಲಾರರು ಎಂದು ತೋರಿಸಿದ್ದ. ಏಕೆಂದರೆ ಪ್ರತಿಯೊಬ್ಬನೂ ಭಾರವನ್ನು ಉಳಿದವರ ಮೇಲೆ ಹಾಕಲು ನೋಡುತ್ತಾನೆ. ಊರಂಗಡಿ ಇಂತಹ ಹುಲ್ಲುಗಾವಲು. ಅದು ಇರಬೇಕೆಂಬುದು ಎಲ್ಲರ ಆಸೆ. ಅದನ್ನು ನಡೆಸುವ ಖರ್ಚು ಇನ್ನೊಬ್ಬನದಾಗಲಿ ಎಂಬುದು ಪ್ರತಿಯೊಬ್ಬನ ಲೆಕ್ಕಾಚಾರ.

ನಷ್ಟ ಯಾರದು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೂರದಿಂದ ತರಿಸಿಕೊಳ್ಳುವವರು ಸಾಮಾನ್ಯವಾಗಿ ಯಾರು? ಬೆಲೆಯುಳ್ಳ ಸೈಕಲ್ಲನ್ನು ಹವ್ಯಾಸಕ್ಕಾಗಿ ತುಳಿಯುವವರು. ಮನೆಯಲ್ಲಿ ಪಾನಾ ಪೆಟ್ಟಿಗೆ ಇಟ್ಟುಕೊಂಡವರು. ಸೈಕಲ್ಲು ಕೆಟ್ಟರೆ ಕಾರಿನಲ್ಲಿಯೋ ಸ್ಕೂಟರಿನಲ್ಲಿಯೋ ಕೆಲಸಕ್ಕೆ ಹೋಗಬಲ್ಲವರು. ಅಂಗಡಿಯನ್ನು ಬಿಟ್ಟು ಬದುಕಲಾರದವರು ಯಾರು? ಪತ್ರಿಕೆ ಹಂಚುವ ಹುಡುಗ, ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವರು, ಗಾರೆ ಕೆಲಸಕ್ಕೆ ಹೊರಟವರು, ಶಾಲೆಯ ಮಕ್ಕಳು. ಕರ್ನಾಟಕದಲ್ಲಿ 2006–07ನೆಯ ಸಾಲಿನಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಜಾರಿಗೆ ಬಂದಾಗ, ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದೂರ ಹತ್ತಿರವಾಯಿತು. ಆದರೆ ಸರ್ಕಾರ ಸೈಕಲ್ಲನ್ನು ಕೊಡಬಹುದು. ವರ್ಷದ ನಡುವೆ ಪಂಕ್ಚರ್ ಹಾಕುವವರು, ಚೈನು ಕಳಚಿದರೆ ಕೂರಿಸುವವರು ದಾರಿಯ ಪಕ್ಕದ ಅಂಗಡಿಯವರೇ.

ಪಂಕ್ಚರ್ ಹಾಕಿದ ಕೂಲಿಯಿಂದ ಮಾತ್ರವೇ ಅಂಗಡಿಯ ಬಾಡಿಗೆ ಹುಟ್ಟುವುದು ಕಷ್ಟ. ಬೆಲೆಬಾಳುವ ಸೈಕಲ್ಲೊಂದು ಮಾರಾಟವಾದಾಗ ಬಂದ ಲಾಭ, ಸಣ್ಣ ರಿಪೇರಿಗಳನ್ನು ಸಣ್ಣ ದರದಲ್ಲಿ ಮಾಡಿಕೊಡುವ ಶಕ್ತಿಯನ್ನು ಅಂಗಡಿಗೆ ಕೊಡುತ್ತದೆ. ಉಳ್ಳವರ ಆ ವ್ಯಾಪಾರ ಹೊರಕ್ಕೆ ಹರಿದರೆ, ಒಂದೋ ರಿಪೇರಿಯ ದರ ಏರಬೇಕು, ಇಲ್ಲವೇ ಬಾಗಿಲು ಹಾಕಬೇಕು. ಎರಡರಲ್ಲಿ ಯಾವುದಾದರೂ ಭಾರ ಬೀಳುವುದು ಬಡ ಸವಾರನ ಮೇಲೆ. ಉಳ್ಳವನು ಉಳಿಸಿದ ಐನೂರು ರೂಪಾಯಿಯ ಒಂದು ಪಾಲನ್ನು, ಅವನು ಎಂದೂ ನೋಡದ ಒಬ್ಬ ಹುಡುಗ, ಕೆಟ್ಟ ಸೈಕಲ್ಲನ್ನು ಎರಡು ಮೈಲಿ ತಳ್ಳಿಕೊಂಡು ಹೋಗಿ ತೀರಿಸುತ್ತಾನೆ. ಇಡೀ ಪ್ರಶ್ನೆಯ ಗುರುತ್ವ ಇರುವುದು ಇಲ್ಲಿ. ವ್ಯಾಪಾರಿ ಮತ್ತು ಗಿರಾಕಿ ಇಬ್ಬರ ನಡುವಿನ ವ್ಯವಹಾರವೆಂದು ನಾವು ತಿಳಿದದ್ದರಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ.

ಹಾಗೆಂದು ಊರಂಗಡಿಯೆಲ್ಲ ಪುಣ್ಯಸ್ಥಳವೆಂದು ಭಾವಿಸಬಾರದು. ಗಿರಾಕಿಯ ಅಜ್ಞಾನವನ್ನು ನೋಡಿ ಎರಡು ಪಟ್ಟು ಬೆಲೆ ಹೇಳುವವರು, ಬದಲಿಸದ ಭಾಗವನ್ನು ಬದಲಿಸಿದೆನೆನ್ನುವವರು, ಹೆಂಗಸರು ಬಂದು ಗೇರಿನ ವಿಷಯ ಕೇಳಿದರೆ ಉಪೇಕ್ಷೆಯಿಂದ ನಗುವವರು ಈ ವೃತ್ತಿಯಲ್ಲಿಯೂ ಇದ್ದಾರೆ. ಹತ್ತಿರವಿರುವುದೇ ಒಂದು ಗುಣವಲ್ಲ, ಸೇವೆ ಗುಣ. ಸೇವೆ ಸಲ್ಲದ ಕಡೆ ಋಣವೂ ಇಲ್ಲ. ಹಾಗೆಯೇ, ಇಪ್ಪತ್ತು ಮೈಲಿಯ ಸುತ್ತಿನಲ್ಲಿ ಅಂಗಡಿಯಿಲ್ಲದವರು, ಅಪರೂಪದ ಬಿಡಿಭಾಗ ಬೇಕಾದವರು, ಐನೂರು ರೂಪಾಯಿ ವಾರದ ದಿನಸಿಯಾಗಿರುವವರು ದೂರದಿಂದ ತರಿಸಿದರೆ ಯಾರು ಆಕ್ಷೇಪಿಸಬಲ್ಲರು? ಋಣವನ್ನು ತೀರಿಸುವ ಹೊಣೆ ಪಡೆದವನದು, ಮತ್ತು ಅವನ ಶಕ್ತಿಯ ಮಿತಿಯಲ್ಲಿ.

ಜಾಹೀರಾತಿನ ಪ್ರಶ್ನೆ

ಈ ಹಿನ್ನೆಲೆಯಲ್ಲಿ ಎರಡನೆಯ ಪ್ರಶ್ನೆ ಸ್ವಲ್ಪ ತಿಳಿಯಾಗುತ್ತದೆ. ಜಾಹೀರಾತಿನ ಹಣ ಆಕಾಶದಿಂದ ಬೀಳುವುದಿಲ್ಲ. ಅದು ಮುಂದೆ ಗಿರಾಕಿಗಳಿಂದ ಬರಲಿರುವ ಲಾಭದ ಮುಂಗಡ. ದೂರದ ಮಳಿಗೆ ಒಂದು ಸಂಘಕ್ಕೆ ಹಣ ಕೊಡುವುದು, ಆ ಸಂಘದ ಸದಸ್ಯರ ಖರೀದಿ ತನ್ನತ್ತ ತಿರುಗುವುದೆಂಬ ನಿರೀಕ್ಷೆಯಿಂದ. ಆ ಖರೀದಿ ತಿರುಗುವುದು ಬಹುಮಟ್ಟಿಗೆ ಊರಂಗಡಿಯಿಂದ. ಹೀಗೆ ಸಂಘ ಪಡೆಯುವ ಆದಾಯ ಮತ್ತು ಅಂಗಡಿ ಕಳೆದುಕೊಳ್ಳುವ ಆದಾಯ ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಸಂಘದವರು ಈ ಸಂಬಂಧವನ್ನು ಮೊದಲು ಒಪ್ಪಿಕೊಳ್ಳಬೇಕು.

ಒಪ್ಪಿಕೊಂಡ ಮೇಲೆ ಜಾಹೀರಾತುಗಳಲ್ಲಿಯೂ ಭೇದವನ್ನು ಗುರುತಿಸಬೇಕು. ಮೊದಲನೆಯ ಬಗೆ, ಜಾಗಕ್ಕೆ ನಿಗದಿಯಾದ ಬಾಡಿಗೆ: ಇಂತಿಷ್ಟು ಹಣಕ್ಕೆ ಇಂತಿಷ್ಟು ಜಾಗ. ಸರಕು ಮಾರಾಟವಾದರೂ ಆಗದಿದ್ದರೂ ಸಂಘಕ್ಕೆ ವ್ಯತ್ಯಾಸವಿಲ್ಲ. ಎರಡನೆಯ ಬಗೆ, ದಲ್ಲಾಳಿ: ಸಂಘದ ಪುಟದಿಂದ ಹೋದ ಓದುಗನು ಕೊಂಡರೆ ಬೆಲೆಯ ಒಂದು ಅಂಶ ಸಂಘಕ್ಕೆ. ಅಮೆಜಾನ್ ಸಂಸ್ಥೆ 1996ರಲ್ಲಿಯೇ ಇಂತಹ ಏರ್ಪಾಟನ್ನು ಆರಂಭಿಸಿತು. ಮೂರನೆಯ ಬಗೆ, ಯಂತ್ರ ಆರಿಸುವ ಜಾಹೀರಾತು: ಗೂಗಲ್ ಸಂಸ್ಥೆ 2003ರಲ್ಲಿ ಆರಂಭಿಸಿದ ಆಡ್‌ಸೆನ್ಸ್‌ನಂತಹ ಪದ್ಧತಿಗಳಲ್ಲಿ, ಯಾವ ಪ್ರಕಟಣೆ ಕಾಣಬೇಕೆಂಬುದನ್ನು ಸಂಘದವರು ಒಂದೊಂದಾಗಿ ಆರಿಸುವುದಿಲ್ಲ, ಅದು ಕ್ಷಣಾರ್ಧದಲ್ಲಿ ನಿಶ್ಚಯವಾಗುತ್ತದೆ.

ಮೊದಲನೆಯದರಲ್ಲಿ ದೋಷ ಅಲ್ಪ. ಓದುಗನಿಗೆ ಅದು ಜಾಹೀರಾತೆಂದು ಗೊತ್ತು. ಆರಿಸುವ ಸ್ವಾತಂತ್ರ್ಯ ಅವನದು. ಎರಡನೆಯದು ಹಾಗಲ್ಲ. ಸಂಘದ ಹಿರಿಯರೊಬ್ಬರು, ಈ ಟೈರು ಒಳ್ಳೆಯದು, ಇಲ್ಲಿ ಕೊಳ್ಳಿ ಎಂದು ಬರೆದಾಗ, ಓದುಗರು ಅದನ್ನು ಅನುಭವಿಯ ಹಿತವಚನವೆಂದು ಸ್ವೀಕರಿಸುತ್ತಾರೆ. ಅದರ ಹಿಂದೆ ದಲ್ಲಾಳಿಯ ಹಣವಿದ್ದರೆ ಹಿತವಚನ ಮಾರಾಟದ ಮಾತಾಗುತ್ತದೆ. ಬರೆದವರು ಪ್ರಾಮಾಣಿಕರೇ ಇರಬಹುದು. ಆದರೆ ನಾಲ್ಕು ಆಣೆಯ ಪಂಕ್ಚರ್ ಪಟ್ಟಿಯಿಂದ ಆಗುವ ಕೆಲಸಕ್ಕೆ ಹೊಸ ಟ್ಯೂಬನ್ನು ಸೂಚಿಸುವ ಪ್ರಲೋಭನೆಯಿಂದ ಎಷ್ಟು ದಿನ ದೂರವಿರಬಲ್ಲರು? ಇಂತಹ ಸಂಬಂಧಗಳನ್ನು ಮುಚ್ಚಿಡಬಾರದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ತನ್ನ ಮಾರ್ಗಸೂಚಿಗಳನ್ನು ವಿಸ್ತರಿಸಿತು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕೇಂದ್ರ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳೂ, ಅನುಮೋದನೆ ಕೊಡುವವರಿಗೂ ಸರಕಿನವರಿಗೂ ಹಣದ ಸಂಬಂಧವಿದ್ದರೆ ಅದನ್ನು ತಿಳಿಸಬೇಕೆಂದು ವಿಧಿಸಿವೆ. ಕಾನೂನು ಇಲ್ಲಿ ನೀತಿಯನ್ನು ಅನುಸರಿಸಿ ಬಂದಿದೆ.

ಮೂರನೆಯ ಬಗೆಯ ಬಗ್ಗೆ ಒಂದು ನೆಪ ಕೇಳಿಬರುತ್ತದೆ: ನಾವು ಆರಿಸಲಿಲ್ಲ, ಯಂತ್ರ ಆರಿಸಿತು. ಈ ನೆಪ ನಿಲ್ಲದು. ಬೇಡವಾದ ಪ್ರಕಟಣಕಾರರನ್ನೂ ಬೇಡವಾದ ವರ್ಗಗಳನ್ನೂ ತಡೆಯುವ ಸೌಕರ್ಯ ಇಂತಹ ಪದ್ಧತಿಗಳಲ್ಲಿ ಇದೆ. ಅದನ್ನು ಬಳಸದಿರುವುದೂ ಒಂದು ಆಯ್ಕೆ. ಬಾಗಿಲನ್ನು ತೆರೆದಿಟ್ಟವರು, ಒಳಗೆ ಬಂದವರನ್ನು ನಾವು ಕರೆಯಲಿಲ್ಲ ಎಂದರೆ ಹೊಣೆ ತಪ್ಪುವುದಿಲ್ಲ.

ಹಾಗಾದರೆ ಸಂಘ ದೂರದ ಮಳಿಗೆಗಳ ಹಣವನ್ನು ಸಂಪೂರ್ಣವಾಗಿ ತ್ಯಜಿಸಬೇಕೇ? ತ್ಯಜಿಸಲು ಶಕ್ತಿಯಿದ್ದರೆ ಉತ್ತಮ. ಆದರೆ ತ್ಯಜಿಸಿ, ಖರ್ಚಿಗೆ ಹಣವಿಲ್ಲದೆ ತಾಣವನ್ನೇ ಮುಚ್ಚಿದರೆ, ಊರಂಗಡಿಯ ಪರವಾಗಿ ಮಾತನಾಡುವ ಒಂದು ಧ್ವನಿಯೂ ಅಡಗುತ್ತದೆ. ಹೊಸ ಸವಾರರು ಹುಟ್ಟುವುದು ನಿಂತು ಅಂಗಡಿಗೂ ನಷ್ಟವಾಗುತ್ತದೆ. ಆದ್ದರಿಂದ ಹಣ ಬಂದ ಮೂಲವೊಂದನ್ನೇ ನೋಡದೆ, ಆ ಹಣ ನಮ್ಮನ್ನು ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು. ಇದಕ್ಕೆ ಮೂರು ಪರೀಕ್ಷೆಗಳನ್ನು ಸೂಚಿಸಬಹುದು. ಒಂದು, ಬಹಿರಂಗ: ಯಾರಿಂದ ಎಷ್ಟು ಬಂತೆಂಬುದು ಎಲ್ಲ ಸದಸ್ಯರಿಗೂ ತಿಳಿದಿದೆಯೇ? ಎರಡು, ಪ್ರತ್ಯೇಕತೆ: ಸಲಹೆ ಬರೆಯುವವರಿಗೂ ಹಣ ತರುವವರಿಗೂ ನಡುವೆ ಗೋಡೆಯಿದೆಯೇ? ಮೂರು, ಪ್ರಮಾಣ: ನಾಳೆ ಆ ಮಳಿಗೆ ತನ್ನ ಹಣವನ್ನು ನಿಲ್ಲಿಸಿದರೆ ಸಂಘ ಬದುಕಬಲ್ಲದೇ? ಮೂರನೆಯ ಪರೀಕ್ಷೆಯಲ್ಲಿ ಸೋತ ಸಂಘ, ಮೊದಲೆರಡರಲ್ಲಿ ಗೆದ್ದಿದ್ದರೂ, ಹೆಚ್ಚು ಕಾಲ ಗೆದ್ದಿರಲಾರದು. 2023ರಲ್ಲಿ ಬ್ರಿಟನ್ನಿನ ಮಳಿಗೆಗಳು ಕುಸಿದಂತೆ ಒಂದೇ ಆಸರೆ ಕುಸಿದಾಗ, ಅದನ್ನೇ ನಂಬಿದವರೂ ಕುಸಿಯುತ್ತಾರೆ.

ಆಚರಣೆಯ ಮಾತು

ವಿಚಾರ ಆಚರಣೆಗೆ ಇಳಿಯದಿದ್ದರೆ ಪ್ರಯೋಜನವಿಲ್ಲ. ಗೃಹಸ್ಥರಿಗೆ ಕೆಲವು ಸೂಚನೆಗಳನ್ನು ಮುಂದಿಡಬಹುದು. ದೂರದಿಂದ ತರಿಸಬೇಕೆಂದು ನಿಶ್ಚಯಿಸಿದ್ದರೆ ಊರಂಗಡಿಯ ಸಮಯವನ್ನು ಬಳಸದಿರುವುದು. ಬಳಸಿದ್ದರೆ, ಆ ಸಲಹೆಯಿಂದ ಆರಿಸಿದ ವಸ್ತುವನ್ನು ಅಲ್ಲಿಯೇ ಕೊಳ್ಳುವುದು, ಇಲ್ಲವೇ ಸಲಹೆಗೆ ಪ್ರತ್ಯೇಕವಾಗಿ ಹಣ ಕೊಡಲು ಸಿದ್ಧರಿರುವುದು. ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಅದನ್ನು ಅಂಗಡಿಯವರ ಮುಂದೆ ಬಿಚ್ಚಿಹೇಳುವುದು. ಅನೇಕ ವೇಳೆ ಅವರು ಸ್ವಲ್ಪ ಇಳಿಸಬಲ್ಲರು, ಇಳಿಸಲಾರದಿದ್ದರೆ ಕಾರಣವನ್ನಾದರೂ ಹೇಳಬಲ್ಲರು. ದೂರದಿಂದ ತಂದ ಸೈಕಲ್ಲನ್ನು ಜೋಡಿಸಲು ಅವರ ಬಳಿಗೆ ಒಯ್ದರೆ, ಅವರು ಕೇಳಿದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡುವುದು. ಅಂಗಡಿಯವರೂ ಕಾಲಕ್ಕೆ ತಕ್ಕಂತೆ ತಮ್ಮ ಸೇವೆಗೆ ಸ್ಪಷ್ಟವಾದ ದರವನ್ನು ಬರೆದು ತೂಗುಹಾಕಬೇಕು. ಅಳತೆ ನೋಡುವುದಕ್ಕೆ ಇಷ್ಟು, ಜೋಡಣೆಗೆ ಇಷ್ಟು ಎಂದು ತಿಳಿಸಿ, ಅಲ್ಲಿಯೇ ಕೊಂಡವರಿಗೆ ಅದನ್ನು ಬೆಲೆಯಲ್ಲಿ ಮುರಿದುಕೊಟ್ಟರೆ, ಯಾರು ಯಾವುದಕ್ಕೆ ಕೊಡುತ್ತಿದ್ದಾರೆಂಬ ಗೊಂದಲವೇ ಇರುವುದಿಲ್ಲ.

ಸಂಘಗಳಿಗೂ ಧರ್ಮಸಂಸ್ಥೆಗಳ ವಿಶ್ವಸ್ತರಿಗೂ ಹೇಳಬೇಕಾದದ್ದು ಇಷ್ಟು. ಜಾಗದ ಬಾಡಿಗೆಯನ್ನು ಸ್ವೀಕರಿಸಬಹುದು. ಸಲಹೆಯ ಮೇಲೆ ದಲ್ಲಾಳಿಯನ್ನು ಸ್ವೀಕರಿಸಬಾರದು. ದೊಡ್ಡವರಿಗೆ ಪೂರ್ಣ ದರ, ಊರಿನ ಸಣ್ಣ ಅಂಗಡಿಗೆ ಅದರ ಶಕ್ತಿಗೆ ತಕ್ಕ ದರ ಇರಲಿ. ಊರಿನ ಅಂಗಡಿಗಳ ಹೆಸರು, ಅವು ತೆರೆದಿರುವ ವೇಳೆ, ಅವು ಮಾಡುವ ಕೆಲಸ, ಇವುಗಳ ಪಟ್ಟಿಯನ್ನು ಹಣ ಕೇಳದೆ ಪ್ರಕಟಿಸುವುದು ಓದುಗರಿಗೇ ಉಪಕಾರ. ಜಾಹೀರಾತಿನ ಆದಾಯವನ್ನು ವಾರ್ಷಿಕ ಲೆಕ್ಕದಲ್ಲಿ ಕೊಟ್ಟವರ ಹೆಸರಿನೊಡನೆ ತೋರಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸದಸ್ಯರು ತಮ್ಮ ಸಂಸ್ಥೆಯ ಖರ್ಚಿನ ಬಹುಪಾಲನ್ನು ಚಂದಾ ರೂಪದಲ್ಲಿ ತಾವೇ ಹೊರಲಿ. ಓದುಗರು ಹಣ ಕೊಡದ ಪತ್ರಿಕೆಗೆ ಬೇರೆ ಯಾರೋ ಕೊಡುತ್ತಿರುತ್ತಾರೆ. ಕೊಡುವವರ ಮಾತು ಕಾಲಕ್ರಮದಲ್ಲಿ ನಡೆಯುತ್ತದೆ.

ಸೈಕಲ್ ಅಂಗಡಿಯವರು ನಮ್ಮಿಂದ ದಾನವನ್ನು ಕೇಳುತ್ತಿಲ್ಲ. ತಾವು ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಪ್ರತಿಫಲ ಬೇರೆಯವರ ಪಾಲಾಗದಿರಲಿ ಎಂಬುದಷ್ಟೇ ಅವರ ಅಪೇಕ್ಷೆ. ಅದನ್ನು ಸಲ್ಲಿಸುವುದು ಔದಾರ್ಯವಲ್ಲ, ಲೆಕ್ಕ ತೀರಿಸುವುದು. ಮನೆಯ ಹಿರಿಯರು ಮಕ್ಕಳಿಗೆ ಮೊದಲ ಸೈಕಲ್ಲನ್ನು ಕೊಡಿಸುವಾಗ, ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಚಕ್ರದ ಬೆಂಡು ತೆಗೆಯುವುದನ್ನು ನಿಂತು ನೋಡಿಸಿ, ಕೇಳಿದ ಬೆಲೆಯಲ್ಲಿ ಎಷ್ಟು ಸರಕಿಗೆ, ಎಷ್ಟು ಕೆಲಸಕ್ಕೆ ಎಂಬುದನ್ನು ವಿವರಿಸಿದರೆ, ವಸ್ತುವಿನ ಬೆಲೆ ಎಂದರೇನು ಎಂಬ ಪಾಠ ಅವರಿಗೆ ಬೇರೆ ಪುಸ್ತಕವಿಲ್ಲದೆ ಆದೀತು.